ಮಳೆಗಾಲ ಪೂರ್ತಿ ಆರ್‌ಎಕ್ಸ್ 100 ಮತ್ತು ಯೆಜ್ಡಿ ನಿಲ್ಲಿಸಿ ಹೋಗ್ತಿದ್ದೇನೆ, ಕಾರ್ಬುರೇಟರಿಗೆ ಎಂತ ಮಾಡಿಡಬೇಕು?

ನೀವು ಬರೆದದ್ದು ಇಷ್ಟು: ಮೇ ಕೊನೆಗೆ ಹಡಗು ಹತ್ತಬೇಕು, ವಾಪಸು ಅಕ್ಟೋಬರಿಗೆ. ಉಡುಪಿ ಹತ್ತಿರದ ಕಾಪುವಿನ ಮನೆಯಲ್ಲಿ 1994ರ ಆರ್‌ಎಕ್ಸ್ 100 ಒಂದು, ಅಪ್ಪನ ಕಾಲದ ಯೆಜ್ಡಿ ಒಂದು. ಯೂಟ್ಯೂಬಿನಲ್ಲಿ ನೋಡಿದ್ದೆಲ್ಲ ಹಿಮ ಬೀಳುವ ದೇಶದವರ ವಿಡಿಯೋ, ನಮ್ಮೂರಿಗೆ ಅದು ಹೊಂದುತ್ತದಾ? ಪಕ್ಕದ ಮನೆ ಹುಡುಗನಿಂದ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸಿಡ್ತೇನೆ ಅಂತ ಅಮ್ಮ ಹೇಳ್ತಾರೆ, ಅಷ್ಟು ಸಾಕಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ ಮಾರಾಯ್ರೆ, ದಯವಿಟ್ಟು ಬೇಡ. ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತದೆ. ಬೈಕು ಹತ್ತು ಹದಿನೈದು ಕಿಲೋಮೀಟರ್ ಓಡಿದರೆ ಸೈಲೆನ್ಸರ್ ಕಾದು ಆ ನೀರು ಆವಿಯಾಗಿ ಹೋಗ್ತದೆ. ಅಂಗಳದಲ್ಲಿ ಎರಡು ನಿಮಿಷ ಬುರ್ರೆನಿಸಿ ನಿಲ್ಲಿಸಿದರೆ ನೀರು ಒಳಗೇ ಉಳಿದು ತುಕ್ಕು ಹಿಡಿಸ್ತದೆ. ಅದರ ಮೇಲೆ ಪ್ರತಿ ವಾರ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ಮತ್ತೆ ಪೆಟ್ರೋಲ್ ಇಳಿಯುತ್ತದೆ, ಮತ್ತೆ ಅಲ್ಲೇ ಒಣಗುತ್ತದೆ. ಇನ್ನು ಹುಡುಗ ಅಂಗಳದಲ್ಲೇ ನಿಲ್ಲಿಸುತ್ತಾನೆ ಎಂಬ ನಂಬಿಕೆ ನಿಮಗಿದ್ದರೆ ಸಂತೋಷ. ನಾನು ಹೀಗೆ ಬಿಟ್ಟು ಹೋದ ವರ್ಷ ನನ್ನ ಆರ್‌ಎಕ್ಸ್‌ನ ಚೈನಿನಲ್ಲಿ ಹೊಯ್ಗೆ (ಮರಳು) ಸಿಕ್ಕಿತ್ತು. ಮಲ್ಪೆ ಬೀಚಿಗೆ ಹೋಗಿ ಬಂದಿತ್ತು ಅಂತ ಆಮೇಲೆ ಗೊತ್ತಾಯ್ತು.

ಆ ವಿಡಿಯೋದವರು ನವೆಂಬರಿನಿಂದ ಮಾರ್ಚಿನವರೆಗೆ ಬೈಕನ್ನು ಒಣಗಿದ ಗ್ಯಾರೇಜಿನಲ್ಲಿ ಮಲಗಿಸುವವರು. ಚಳಿಯಲ್ಲಿ ಪೆಟ್ರೋಲ್ ನಿಧಾನವಾಗಿ ಹಳಸುತ್ತದೆ. ನಮ್ಮಲ್ಲಿ ಬೆಚ್ಚಗೆ ಉಂಟು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಪಾಟಿನೊಳಗಿನ ಬೆಲ್ಟಿಗೇ ಬೂಷ್ಟು ಬರ್ತದೆ, ಬೈಕಿಗೆ ಬಿಡ್ತದಾ? ಹಾಗಾಗಿ ಅವರ ಕ್ರಮದಲ್ಲಿ ಅರ್ಧ ನಮಗೆ ಆಗ್ತದೆ, ಇನ್ನರ್ಧ ನಾವೇ ಸೇರಿಸಬೇಕು.

ದೊಡ್ಡ ಶತ್ರು ಈಗಿನ ಪೆಟ್ರೋಲು. ಬಂಕಿನಲ್ಲಿ ಸಿಗುವುದರಲ್ಲಿ 20% ಎಥನಾಲ್. ಎಥನಾಲ್ ಗಾಳಿಯ ತೇವ ಕುಡಿಯುತ್ತದೆ. ಕಾರ್ಬುರೇಟರಿನ ಅಡಿಯ ಬಟ್ಟಲಿಗೆ ಗಾಳಿಯಾಡುವ ದಾರಿ ಇರಲೇಬೇಕು, ಆ ದಾರಿಯಲ್ಲೇ ತೇವವೂ ಬರ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಯೆಜ್ಡಿಗೆ ಇದು ಇನ್ನೂ ಅಪಾಯ, ಯಾಕೆಂದರೆ ನೀವು ಟ್ಯಾಂಕಿಗೆ ಬೆರೆಸಿದ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್) ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕಿನ, ಅಂದರೆ ಪೆಟ್ರೋಲ್ ಬಿಡುವ ನಲ್ಲಿಯ, ದಾರಿ ಇರುವುದು ತಳದಲ್ಲಿ. ಐದು ತಿಂಗಳ ನಂತರ ಮೊದಲು ಇಂಜಿನ್ ಎಳೆದುಕೊಳ್ಳುವುದು ಆಯಿಲೇ ಇಲ್ಲದ ಆ ನೀರನ್ನು.

ತೇವದ ಕಥೆ ಇಲ್ಲದಿದ್ದರೂ ಬಟ್ಟಲಿನ ಪೆಟ್ರೋಲ್ ಕೆಲವು ವಾರದಲ್ಲಿ ಆರಿ ಅಂಟಾಗ್ತದೆ, ಹಲಸಿನ ಮಯಣ ಚಾಕುವಿಗೆ ಹಿಡಿದ ಹಾಗೆ. ಆ ಅಂಟು ಮೊದಲು ಮುಚ್ಚುವುದು ಪೈಲಟ್ ಜೆಟ್ಟನ್ನು, ಇಂಜಿನ್ ನಿಧಾನ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ಹಿತ್ತಾಳೆ ತುಂಡನ್ನು. ಅದರ ತೂತು ಅರ್ಧ ಮಿಲಿಮೀಟರೂ ಇಲ್ಲ. ನಾನು ಒಮ್ಮೆ ಐದು ತಿಂಗಳು ಮಸ್ಕತ್ತಿನಲ್ಲಿದ್ದು ಬಂದು ಕಿಕ್ ಹೊಡೆದೆ. ಚೋಕ್ ಎಳೆದರೆ ಸ್ಟಾರ್ಟ್, ಬಿಟ್ಟರೆ ಆಫ್. ಮೆಕ್ಯಾನಿಕ್ ಹತ್ತಿರ ಕೊಟ್ಟೆ, ಅವನು ಹಳೇ ಕ್ಲಚ್ ಕೇಬಲಿನ ಒಂದು ಎಳೆ ತೆಗೆದು ಜೆಟ್ಟಿನೊಳಗೆ ತಿರುವಿ ತಿರುವಿ ಕ್ಲೀನ್ ಮಾಡಿದ. ಜೆಟ್ ಹಿತ್ತಾಳೆ, ಎಳೆ ಉಕ್ಕು. ತೂತು ದೊಡ್ಡದಾಯ್ತು, ಪ್ಲಗ್ ವಾರಕ್ಕೊಮ್ಮೆ ಕಪ್ಪು ಮಸಿ. ಹೊಸ ಜೆಟ್ ಹಾಕುವವರೆಗೆ ನೆಮ್ಮದಿ ಇರಲಿಲ್ಲ. ಅಲ್ಲಿಂದೀಚೆಗೆ ಆ ಬಟ್ಟಲಿಗೆ ಬೇರೆ ಯಾರೂ ಕೈ ಹಾಕಲು ನಾನು ಬಿಟ್ಟಿಲ್ಲ.

ಕಾಕ್ ಬಂದ್ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಅಂತ ಎಲ್ಲರೂ ಹೇಳ್ತಾರೆ. ನಾಲ್ಕು ಸ್ಟ್ರೋಕಿನ ಬೈಕಿಗೆ ಅದು ಸರಿ. ನಿಮ್ಮದು ಎರಡೂ ಟೂ ಸ್ಟ್ರೋಕ್. ಪೆಟ್ರೋಲ್ ಮುಗಿಯುತ್ತ ಬರುವಾಗ ಇಂಜಿನ್ ತಾನಾಗಿಯೇ ರೇಸ್ ಆಗ್ತದೆ. ಯೆಜ್ಡಿಯಲ್ಲಂತೂ ಪೆಟ್ರೋಲಿನ ಜೊತೆಗೇ ಆಯಿಲೂ ಖಾಲಿ. ಆದ್ದರಿಂದ ಇಂಜಿನ್ ಆಫ್ ಇರುವಾಗಲೇ ಬಟ್ಟಲಿನಿಂದ ಇಳಿಸಿ. ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿದರೆ ಬಹುಪಾಲು ಹೋಗ್ತದೆ, ಆದರೆ ಐದು ತಿಂಗಳ ಮಾತಾದರೆ ಅಷ್ಟಕ್ಕೆ ನಾನು ಬಿಡುವುದಿಲ್ಲ. ಬಟ್ಟಲನ್ನೇ ಬಿಚ್ಚಿ ಎರಡೂ ಜೆಟ್ (ಪೈಲಟ್, ಮೇನ್) ತೆಗೆದು, ಕಾರ್ಬ್ ಕ್ಲೀನರ್ ಹೊಡೆದು, ಸೈಕಲ್ ಪಂಪಿನಿಂದಾದರೂ ಗಾಳಿ ಊದಿ, ಒಣಗಿಸಿ ಮತ್ತೆ ಕೂರಿಸ್ತೇನೆ. ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಬಟ್ಟಲಿನ ರಬ್ಬರ್ ಪ್ಯಾಕಿಂಗ್ ಉಬ್ಬಿಕೊಂಡು ವಾಪಸು ಅದರ ಜಾಗದಲ್ಲಿ ಕೂರದೆ ಹಟ ಮಾಡಿದರೆ ಗಾಬರಿ ಬೇಡ, ಒಂದು ದಿನ ನೆರಳಲ್ಲಿ ಒಣಗಿಸಿದರೆ ಹೆಚ್ಚಾಗಿ ಸರಿಯಾಗ್ತದೆ.

ಟ್ಯಾಂಕಿನ ವಿಷಯದಲ್ಲಿ ಎರಡು ಪಂಗಡ ಉಂಟು: ಬಾಯಿವರೆಗೆ ತುಂಬಿಸಿ ಅನ್ನುವವರು, ಪೂರ್ತಿ ಖಾಲಿ ಮಾಡಿ ಅನ್ನುವವರು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಇಲ್ಲ, ತುಕ್ಕು ಬರುವುದಿಲ್ಲ ಅನ್ನುವುದು ಹಳೆಯ ಪೆಟ್ರೋಲಿನ ಕಾಲದ ಬುದ್ಧಿ. ಒಂದೂವರೆ ತಿಂಗಳಿಗಾದರೆ ಈಗಲೂ ನಾನು ಹಾಗೇ ಮಾಡ್ತೇನೆ. ನಿಮ್ಮ ಲೆಕ್ಕಕ್ಕೆ ಖಾಲಿಯೇ ಒಳ್ಳೆಯದು. ಆರ್‌ಎಕ್ಸ್‌ನಿಂದ ಇಳಿಸಿದ್ದನ್ನು ಮನೆಯ ಸ್ಕೂಟರಿಗೆ ಹಾಕಿ. ಯೆಜ್ಡಿಯದ್ದರಲ್ಲಿ ಆಯಿಲ್ ಇರುವುದರಿಂದ ಅದು ತೋಟದ ಹುಲ್ಲು ತೆಗೆಯುವ ಮಿಷನ್ನಿಗೆ. ಆಮೇಲೆ ಟ್ಯಾಂಕಿಗೆ ನೂರು ನೂರೈವತ್ತು ಮಿಲಿ 2ಟಿ ಆಯಿಲ್ ಹಾಕಿ, ಮುಚ್ಚಳ ಮುಚ್ಚಿ, ಟ್ಯಾಂಕನ್ನು ಬೈಕಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ಎಲ್ಲ ಗೋಡೆಗೂ ತಾಗುವ ಹಾಗೆ ಹೊರಳಿಸಿ. ಉಳಿದ ಆಯಿಲ್ ಒಳಗೇ ಇರಲಿ, ಮುಂದಿನ ಪೆಟ್ರೋಲಿಗೆ ಸೇರಿಕೊಂಡು ಉರಿದು ಹೋಗ್ತದೆ. ಸ್ವಲ್ಪ ಹೊಗೆ ಜಾಸ್ತಿ, ಅಷ್ಟೆ.

ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದು ಟೀ ಚಮಚ ಅದೇ ಆಯಿಲ್ ಬಿಟ್ಟು, ಕೀ ಆಫ್ ಇಟ್ಟು ಐದಾರು ಸಲ ಮೆಲ್ಲ ಕಿಕ್ಕರ್ ಒತ್ತಿ, ಪ್ಲಗ್ ವಾಪಸು ಹಾಕಿ. ಗೇರ್ ಆಯಿಲ್ ಹಳೆಯದಾಗಿದ್ದರೆ ಹೋಗುವ ಮೊದಲೇ ಬದಲಿಸಿ, ಬಂದ ಮೇಲೆ ಅಲ್ಲ.

ಇನ್ನು ವಿಡಿಯೋದವರು ಹೇಳದ ಒಂದು. ನಮ್ಮಲ್ಲಿ ಕುಂಬಾರ ಹುಳ ಉಂಟಲ್ಲ, ಬಾಗಿಲ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವುದು? ಅದಕ್ಕೆ ಕಾರ್ಬುರೇಟರಿನ ಗಾಳಿ ಪೈಪಿನಷ್ಟು ಇಷ್ಟದ ಮನೆ ಬೇರೆ ಇಲ್ಲ. ಪೈಪಿನ ತುದಿಗೆ ತೆಳು ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರಿನ ಬಾಯಿಗೂ ಆಯಿಲ್ ಬಟ್ಟೆ ತುರುಕಿ. ಎಲ್ಲೆಲ್ಲಿ ಬಟ್ಟೆ ಉಂಟು ಅಂತ ಒಂದು ಚೀಟಿ ಬರೆದು ಹ್ಯಾಂಡಲ್ಲಿಗೆ ಕಟ್ಟಿ, ಐದು ತಿಂಗಳಲ್ಲಿ ಮರೆತು ಹೋಗ್ತದೆ.

ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಹುಡುಗನಿಗೆ ಕೆಲಸ ಕೊಡಲೇಬೇಕಿದ್ದರೆ ಇದನ್ನು ಕೊಡಿ. ಬೈಕು ಸೆಂಟರ್ ಸ್ಟ್ಯಾಂಡಿನ ಮೇಲೆ, ಟಯರಿನ ಅಡಿಗೆ ಹಲಗೆ, ಗಾಳಿ ಸ್ವಲ್ಪ ಜಾಸ್ತಿ. ಚೈನಿಗೆ ಗೇರ್ ಆಯಿಲ್, ರಿಮ್ಮಿನ ಕ್ರೋಮಿಗೆ ತೆಳುವಾಗಿ ಗ್ರೀಸ್. ನೀವು ಸಮುದ್ರದ ಬದಿಯವರು, ಉಪ್ಪುಗಾಳಿ ಅರೆಗಳನ್ನೂ ಬಿಡುವುದಿಲ್ಲ, ಅವಕ್ಕೂ ಸವರಿ. ತೆಂಗಿನೆಣ್ಣೆ ಮಾತ್ರ ಬೇಡ. ನಮ್ಮಪ್ಪ ಹಚ್ಚುತ್ತಿದ್ದರು, ಇರುವೆಗಳಿಗೆ ಹಬ್ಬ.

ಪ್ಲಾಸ್ಟಿಕ್ ಕವರ್ ಹಾಕಬೇಡಿ, ಒಳಗೆ ಬೆವರಿ ತುಕ್ಕು ಬರ್ತದೆ. ಮಳೆಯ ಇರಚಲು ಹೊಡೆಯದ ಕಡೆ ಹಳೇ ಹತ್ತಿ ಬೆಡ್‌ಶೀಟ್ ಸಾಕು. ದನದ ಹಟ್ಟಿಯ ಪಕ್ಕ ಜಾಗ ಉಂಟು ಅಂತ ಅಲ್ಲಿ ನಿಲ್ಲಿಸಬೇಡಿ. ಗಂಜಳದ ಅಮೋನಿಯಾ ಹಿತ್ತಾಳೆಗೂ ತಾಮ್ರದ ವಯರಿಗೂ ಆಗುವುದಿಲ್ಲ. ಸೌದೆ ರಾಶಿಯೂ ದೂರ ಇರಲಿ, ಇಲಿ ವಯರ್ ಕಡಿಯುತ್ತದೆ.

ನಾನು ಈ ಕೆಲಸಕ್ಕೆ ಕೂರುವುದು ಮೇ ಕೊನೆಯ ಪತ್ತನಾಜೆಗೆ, ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ. ಎಬ್ಬಿಸುವುದು ಆಯುಧ ಪೂಜೆಗೆ. ನೀವು ಬಂದ ದಿನ ಮೊದಲು ಬಟ್ಟೆಗಳನ್ನೆಲ್ಲ ತೆಗೆಯಿರಿ. ಪ್ಲಗ್ ಬಿಚ್ಚಿ ಹತ್ತು ಕಿಕ್ ಹೊಡೆದು ಹೆಚ್ಚಿನ ಆಯಿಲ್ ಹೊರಗೆ ಹಾಕಿ, ಪ್ಲಗ್ ಒರೆಸಿ ಕೂರಿಸಿ. ಒಂದು ಲೀಟರ್ ಹೊಸ ಪೆಟ್ರೋಲ್ ಹಾಕಿ. ಯೆಜ್ಡಿಗೆ 2ಟಿ ಬೆರೆಸಿ, ಆರ್‌ಎಕ್ಸ್‌ನ ಆಯಿಲ್ ಟ್ಯಾಂಕ್ ನೋಡಿ. ಕಾಕ್ ತೆರೆದು ಎರಡು ನಿಮಿಷ ಕಾಯಿರಿ. ಬಟ್ಟಲಿನಿಂದ ಪೆಟ್ರೋಲ್ ಸುರಿದರೆ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಅಂಟಿಕೊಂಡಿರ್ತದೆ, ಸ್ಕ್ರೂ ಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆತ್ತಗೆ ತಟ್ಟಿ.

ಇನ್ಶೂರೆನ್ಸ್ ಕೊನೆಯ ದಿನ ಯಾವಾಗ ಅಂತ ಹಡಗು ಹತ್ತುವ ಮೊದಲೇ ನೋಡಿಕೊಳ್ಳಿ. ಮತ್ತೆ, ಯೆಜ್ಡಿಯ ಟ್ಯಾಂಕ್ ಖಾಲಿ ಮಾಡಿದಾಗ ತಳದಲ್ಲಿ ಕಂದು ಪುಡಿ ಕಂಡರೆ ಆಯಿಲ್ ಹೊರಳಿಸುವ ಮೊದಲು ಇಲ್ಲೇ ಒಂದು ಫೋಟೋ ಹಾಕಿ, ಅದಕ್ಕೆ ಬೇರೆ ಮದ್ದು ಬೇಕಾಗ್ತದೆ.