ಬಾಡಿಗೆ ಸೈಕಲ್ಲಿನ ಹಲ್ಲು ಎಣಿಸಿ ನೋಡಿ

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಐವತ್ತು ದಾಟಿದವರು. ಡ್ಯಾನ್ಯೂಬ್ ನದಿ ಪಕ್ಕದ ದಾರಿಯಲ್ಲಿ ಜರ್ಮನಿಯ ಪಾಸೌನಿಂದ ವಿಯೆನ್ನಾವರೆಗೆ ಒಂದು ವಾರ ಸೈಕಲ್ ತುಳಿಯಬೇಕೆಂದಿದ್ದೇವೆ. ನನ್ನ ಹತ್ತಿರ ಒಳ್ಳೆಯ ರೋಡ್ ಬೈಕ್ (ತೆಳು ಟಯರಿನ ವೇಗದ ಸೈಕಲ್) ಇದೆ. ಅದನ್ನೇ ಒಯ್ಯಲೋ, ಅಲ್ಲೇ ಬಾಡಿಗೆಗೆ ಹಿಡಿಯಲೋ?

ಉತ್ತರ: ಬಾಡಿಗೆಗೇ ಹಿಡಿಯಿರಿ. ಸೈಕಲ್ ಎಷ್ಟು ದುಬಾರಿ, ಯಾವ ಕಂಪನಿಯದು ಎನ್ನುವುದೆಲ್ಲ ಆಮೇಲಿನ ಮಾತು. ದಾರಿ ಎಂಥದ್ದು, ಲಗೇಜು ಹೊರುವವರು ಯಾರು, ಪ್ರಯಾಣ ಮುಗಿಯುವುದು ಎಲ್ಲಿ ಎಂಬ ಮೂರು ಸಂಗತಿ ಗೊತ್ತಾದರೆ ಸೈಕಲ್ಲಿನ ಆಯ್ಕೆ ತಾನಾಗಿಯೇ ಆಗುತ್ತದೆ.

ನಿಮ್ಮದು 300 ಕಿ.ಮೀ.ಗೆ ತುಸು ಹೆಚ್ಚಿನ ದಾರಿ. ಫ್ರಾನ್ಸಿನ ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6 ಮಾರ್ಗದ ಒಂದು ತುಂಡು ಅದು. ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ಏರು ಕಡಿಮೆ. ಬಹುಪಾಲು ಡಾಂಬರು, ಅಲ್ಲಲ್ಲಿ ಜಲ್ಲಿ, ಹಳೆಯ ಊರುಗಳ ನಡುವೆ ಕಲ್ಲು ಹಾಸಿದ ಬೀದಿ. ರೋಡ್ ಬೈಕಿನ 25 ಅಥವಾ 28 ಮಿ.ಮೀ. ಟಯರಿನಲ್ಲಿ ಆ ಕಲ್ಲಿನ ಬೀದಿ ದಾಟುವಾಗ ಪ್ರತಿ ಕುಲುಕೂ ಮಣಿಕಟ್ಟಿಗೇ ಬಡಿಯುತ್ತದೆ. 35ರಿಂದ 42 ಮಿ.ಮೀ. ಅಗಲದ, ಹೆಚ್ಚು ಹಲ್ಲುಗಳಿಲ್ಲದ ನಯವಾದ ಟಯರು ನಿಮಗೆ ಸರಿ. ಅಂಥ ಟಯರು, ಮಡ್‌ಗಾರ್ಡ್, ಕ್ಯಾರಿಯರ್, ದೀಪ ಎಲ್ಲ ಇರುವ ಸೈಕಲ್ಲಿಗೆ ಅಲ್ಲಿ ಟ್ರೆಕ್ಕಿಂಗ್ ಬೈಕ್ ಎನ್ನುತ್ತಾರೆ. ಮುಂದಿನ ಫೋರ್ಕಿಗೆ ಸಸ್ಪೆನ್ಷನ್ ಇದೆ ಎಂದು ಬಾಡಿಗೆಯವರು ಹೊಗಳಿದರೆ ತಲೆದೂಗಿ ಸುಮ್ಮನಿರಿ. ಆ ದಾರಿಗೆ ಅದು ಬರೀ ಭಾರ. ಟಯರಿನ ಗಾಳಿ ತುಸು ಕಡಿಮೆ ಇಟ್ಟುಕೊಂಡರೆ ಅಷ್ಟೇ ಮೆತ್ತಗಿನ ಸವಾರಿ ಸಿಗುತ್ತದೆ.

ಎರಡನೆಯದು ಲಗೇಜು. ನಿಮ್ಮ ಚೀಲಗಳನ್ನು ಒಂದು ಹೋಟೆಲಿನಿಂದ ಮುಂದಿನ ಹೋಟೆಲಿಗೆ ವ್ಯಾನಿನಲ್ಲಿ ಸಾಗಿಸುವ ಪ್ರವಾಸ ಸಂಸ್ಥೆಗಳು ಆ ಮಾರ್ಗದಲ್ಲಿವೆ. ಹಾಗಾದರೆ ಹ್ಯಾಂಡಲ್ಲಿಗೊಂದು ಸಣ್ಣ ಚೀಲ ಸಾಕು. ನೀವೇ ಹೊರುವುದಾದರೆ ಕ್ಯಾರಿಯರ್ ಬೇಕೇ ಬೇಕು. ಹಗುರ ಕಾರ್ಬನ್ ಫ್ರೇಮುಗಳಲ್ಲಿ ಎಷ್ಟೋ ಸಲ ಅದನ್ನು ಬಿಗಿಯಲು ತೂತೇ ಇರುವುದಿಲ್ಲ. ಇದ್ದರೂ ರೋಡ್ ಬೈಕಿನ ಹಿಂಭಾಗ ಗಿಡ್ಡ, ಹಾಗಾಗಿ ಪೆಡಲು ತುಳಿದಾಗಲೆಲ್ಲ ಹಿಮ್ಮಡಿ ಪಕ್ಕದ ಚೀಲಕ್ಕೆ ತಗಲುತ್ತದೆ. ಕೇಳಲು ಸಣ್ಣ ವಿಷಯ, ಆದರೆ ಮಧ್ಯಾಹ್ನದ ಹೊತ್ತಿಗೆ ತಲೆ ಕೆಡಿಸುತ್ತದೆ.

ಮೂರನೆಯದನ್ನು ಹೊರಡುವ ಮುಂಚೆ ಯಾರೂ ಯೋಚಿಸುವುದಿಲ್ಲ. ಸ್ವಂತ ಸೈಕಲ್ಲನ್ನು ವಿಮಾನಕ್ಕೆ ಹಾಕಲು ಗಟ್ಟಿ ಪೆಟ್ಟಿಗೆ ಬೇಕು. ಪಾಸೌದಲ್ಲಿ ಬಿಚ್ಚಿದ ಆ ಪೆಟ್ಟಿಗೆ, ವಿಯೆನ್ನಾದಲ್ಲಿ ಪ್ರಯಾಣ ಮುಗಿದಾಗ ನಿಮ್ಮ ಕೈಗೆ ಬರುವುದು ಹೇಗೆ? ಹೊರಟ ಊರಿಗೇ ಮರಳುವ ಪ್ರವಾಸಕ್ಕೆ ಸ್ವಂತ ಸೈಕಲ್ ಒಯ್ಯಬಹುದು. ಒಂದು ಊರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವ ಪ್ರವಾಸಕ್ಕೆ, ಕೊನೆಯ ಊರಿನಲ್ಲೇ ವಾಪಸು ಪಡೆಯುವ ಬಾಡಿಗೆಯವರನ್ನು ಹುಡುಕಿ.

ಪ್ರಶ್ನೆ: ವಾರಾಂತ್ಯಗಳಲ್ಲಿ ನೂರು ಕಿ.ಮೀ. ತುಳಿಯುವ ಅಭ್ಯಾಸವಿದೆ. ಇಟಲಿಯ ಆಲ್ಪ್ಸ್ ಪರ್ವತದ ಸ್ಟೆಲ್ವಿಯೋ ಘಾಟಿ ಏರಬೇಕೆಂಬ ಆಸೆ. ಅಲ್ಲಿ ಹಗುರ ಕಾರ್ಬನ್ ರೋಡ್ ಬೈಕ್ ಬಾಡಿಗೆಗೆ ಸಿಗುತ್ತದಂತೆ. ಸಾಕಲ್ಲವೇ?

ಉತ್ತರ: ಹಗುರ ಇರಲಿ, ಗೇರು ನೋಡಿದಿರಾ? ಘಾಟಿಯ ಬುಡದ ಪ್ರಾಟೋ ಊರಿನ ಕಡೆಯಿಂದ ಏರಿದರೆ 48 ತಿರುವು, ಸುಮಾರು 24 ಕಿ.ಮೀ., 2,757 ಮೀಟರ್ ಎತ್ತರದ ನೆತ್ತಿ. ಏರಿನ ಸರಾಸರಿ ಶೇ 7ಕ್ಕೂ ಹೆಚ್ಚು. ಬಯಲಿನ ನೂರು ಕಿ.ಮೀ. ಅಭ್ಯಾಸ ಇಲ್ಲಿ ಅರ್ಧದಷ್ಟೇ ಸಹಾಯಕ್ಕೆ ಬರುತ್ತದೆ.

ಧರ್ಮಕ್ಕೆ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತಾರೆ. ದುಡ್ಡು ಕೊಟ್ಟು ತಂದ ಸೈಕಲ್ಲಿನದನ್ನು ಎಣಿಸಲೇಬೇಕು. ಪೆಡಲಿನ ಬಳಿಯ ಅತಿ ಸಣ್ಣ ಚಕ್ರದಲ್ಲಿ 34 ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರದಲ್ಲಿ 28 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 9 ಕಿ.ಮೀ. ವೇಗ ಬೇಕು. ಅಂಥ ಏರಿನಲ್ಲಿ ಎರಡು ಮೂರು ಗಂಟೆ ಆ ವೇಗ ಹಿಡಿಯಲು ನಮ್ಮಂಥ ಬಹುಪಾಲು ಜನರಿಗೆ ಆಗುವುದಿಲ್ಲ. ಆಗ ತುಳಿತ ನಿಧಾನವಾಗುತ್ತದೆ, ಭಾರವೆಲ್ಲ ಮಂಡಿಗೆ ಬೀಳುತ್ತದೆ. ಹಿಂದೆ 34 ಇದ್ದರೆ ಅದೇ ತುಳಿತಕ್ಕೆ ಗಂಟೆಗೆ ಏಳೂವರೆ ಕಿ.ಮೀ. ಸಾಕು. ಮುಂದೆ 30 ಇದ್ದರಂತೂ ಇನ್ನೂ ಹಗುರ. ಆದ್ದರಿಂದ ಬಾಡಿಗೆಯವರಿಗೆ ‘ಬೆಟ್ಟಕ್ಕೆ ಆಗುತ್ತದಾ?’ ಎಂದು ಕೇಳಬೇಡಿ, ಆಗುತ್ತದೆ ಎಂದೇ ಹೇಳುತ್ತಾರೆ. ಹಲ್ಲಿನ ಲೆಕ್ಕವನ್ನು ಬರೆದು ಕಳಿಸಲು ಹೇಳಿ. ಇಳಿಯುವಾಗ ಮಳೆ ಬಂದರೆ ಡಿಸ್ಕ್ ಬ್ರೇಕು ಬೇಕೆನಿಸುತ್ತದೆ, ಅದನ್ನೂ ಆಗಲೇ ಕೇಳಿಬಿಡಿ.

ಪ್ರಶ್ನೆ: ಅಮ್ಮನಿಗೆ ಅರವತ್ತೆಂಟು. ನನ್ನ ಜೊತೆ ಬರಲು ಉತ್ಸಾಹವಿದೆ. ಅವರ ಇ-ಬೈಕನ್ನು (ಬ್ಯಾಟರಿ ಮೋಟಾರಿನ ಸೈಕಲ್) ವಿಮಾನದಲ್ಲಿ ಒಯ್ಯಬಹುದೇ?

ಉತ್ತರ: ಒಯ್ಯಲಾಗದು. ಪ್ರಯಾಣಿಕರ ವಿಮಾನದಲ್ಲಿ 100 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, 160 ದಾಟಿದರೆ ಅವಕಾಶವೇ ಇಲ್ಲ. ಇ-ಬೈಕುಗಳದ್ದು ಸಾಮಾನ್ಯವಾಗಿ 400ರ ಮೇಲೆ. ಹೋದಲ್ಲೇ ಬಾಡಿಗೆಗೆ ಹಿಡಿಯಿರಿ. ಯುರೋಪಿನ ಸಾಮಾನ್ಯ ಇ-ಬೈಕಿನ ಮೋಟಾರು ಗಂಟೆಗೆ 25 ಕಿ.ಮೀ. ಆದೊಡನೆ ಸಹಾಯ ನಿಲ್ಲಿಸುತ್ತದೆ, ಹಾಗಾಗಿ ಅಮ್ಮ ನಿಮ್ಮನ್ನು ಹಿಂದೆ ಹಾಕಿ ಓಡಿಹೋಗುವ ಭಯ ಬಯಲಿನಲ್ಲಿ ಇಲ್ಲ. ಏರಿನ ಮಾತು ಬೇರೆ, ಅಲ್ಲಿ ನೀವೇ ಹಿಂದೆ! ನೋಡಬೇಕಾದದ್ದು ತೂಕ. ಇಪ್ಪತ್ತೈದು ಕೆ.ಜಿ. ಆಸುಪಾಸಿನ ಸೈಕಲ್ಲನ್ನು ರೈಲು ನಿಲ್ದಾಣದ ಮೆಟ್ಟಿಲು ಹತ್ತಿಸುವವರು ನೀವು. ಫ್ರೇಮಿನ ಮೇಲಿನ ಕೊಳವೆ ತಗ್ಗಾಗಿರುವುದನ್ನು ಕೇಳಿ, ಹತ್ತಿ ಇಳಿಯುವಾಗ ಕಾಲು ಮೇಲೆತ್ತುವ ಕಷ್ಟ ತಪ್ಪುತ್ತದೆ.

ಪ್ರಶ್ನೆ: ಬಾಡಿಗೆ ಸೈಕಲ್ ಎಂದರೆ ಮೊದಲ ದಿನವೇ ಕೂರುವ ಜಾಗ ನೋಯುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಸೀಟನ್ನೇ ಬಿಚ್ಚಿ ಒಯ್ಯಿರಿ. ಬಹುತೇಕ ಸೈಕಲ್ಲುಗಳಿಗೆ ಅದು ಕೂರುತ್ತದೆ. ಪೆಡಲೂ ಅಷ್ಟೇ, ಎಡಗಡೆಯದರ ತಿರುಪು ಮಾತ್ರ ಉಲ್ಟಾ ಎಂಬುದು ನೆನಪಿರಲಿ. ಸ್ವಂತ ಸೈಕಲ್ಲಿನಲ್ಲಿ ಎರಡು ಪೆಡಲುಗಳ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಟೇಪು ಹಿಡಿದು ಅಳೆದು ಬರೆದಿಟ್ಟುಕೊಂಡರೆ ಅಲ್ಲಿ ಎತ್ತರ ಹೊಂದಿಸುವುದು ಎರಡು ನಿಮಿಷದ ಕೆಲಸ. ಹೊರಡುವ ಮುನ್ನ ಅಂಗಳದಲ್ಲೇ ಎರಡೂ ಬ್ರೇಕು ಒತ್ತಿ ನೋಡಿ. ಬ್ರಿಟನ್, ಜಪಾನ್‌ಗಳಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಜರ್ಮನಿ, ಫ್ರಾನ್ಸ್‌ಗಳಲ್ಲಿ ಸಾಮಾನ್ಯವಾಗಿ ಎಡಗೈಯದು. ನೆದರ್ಲೆಂಡ್ಸ್, ಜರ್ಮನಿಯ ಕೆಲವು ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅಭ್ಯಾಸಬಲದಿಂದ ಪೆಡಲು ಹಿಂದಕ್ಕೆ ತಿರುಗಿಸುವವರು ಅಂಥ ಸೈಕಲ್ ಬೇಡವೆಂದು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.