ಆ ತೆರೆದ ಬಾಗಿಲ ಒಳಗೆ ಹೋಗು

ನಿನ್ನ ಮೆಸೇಜ್ ಓದಿದೆ. "ಅಕ್ಕಾ, ಮೊದಲ ದಿನವೇ ಹನ್ನೆರಡು ಪುಟದ ಸಿಲಬಸ್ ಕೊಟ್ಟಿದ್ದಾರೆ. ಪಾಠದ ಪಟ್ಟಿ ಎರಡೇ ಪುಟ, ಉಳಿದದ್ದೆಲ್ಲ ನಿಯಮ. ಇಷ್ಟೂ ಓದಲೇಬೇಕಾ? ಆಫೀಸ್ ಅವರ್ಸ್ ಅಂದರೆ ಏನು, ಸುಮ್ನೆ ಹೋಗಬಹುದಾ?" ಅಂತ ಕೇಳಿದ್ದೀಯ. ರೂಮು, ಕೆಲಸ, ಚಳಿ ಅಂತ ಇನ್ನೂ ಕೆಲವು ಪ್ರಶ್ನೆ ಇವೆ. ಅವು ಆಮೇಲೆ.

2004ರ ಆಗಸ್ಟ್‌ನಲ್ಲಿ ನಾನು ಅಮೆರಿಕಕ್ಕೆ ಓದಲು ಬಂದಾಗ ನನ್ನ ಕೈಗೂ ಇಂಥದ್ದೇ ಒಂದು ಕಟ್ಟು ಬಂತು. ನಮ್ಮಲ್ಲಿ ಸಿಲಬಸ್ ಅಂದರೆ ಪರೀಕ್ಷೆಗೆ ಬರುವ ಪಾಠಗಳು, ಅಲ್ವಾ? ಹಾಗೇ ಅಂದುಕೊಂಡು ಪಾಠದ ಪುಟ ನೋಡಿ ಉಳಿದದ್ದನ್ನು ಬ್ಯಾಗಿಗೆ ಹಾಕಿದೆ. ಇಲ್ಲಿ ಅದು ಕಲಿಸುವವರಿಗೂ ಕಲಿಯುವವರಿಗೂ ಆದ ಒಪ್ಪಂದದ ಹಾಗೆ. ಹೋಂವರ್ಕ್‌ಗೆ ಎಷ್ಟು ಪರ್ಸೆಂಟ್, ಮಿಡ್‌ಟರ್ಮ್‌ಗೆ (ಸೆಮಿಸ್ಟರ್ ನಡುವಿನ ಪರೀಕ್ಷೆ) ಎಷ್ಟು, ತಡವಾದರೆ ದಿನಕ್ಕೆ ಎಷ್ಟು ಕಡಿತ, ಹುಷಾರಿಲ್ಲದಿದ್ದರೆ ಯಾವಾಗ ತಿಳಿಸಬೇಕು, ಎಲ್ಲ ಅದರಲ್ಲಿ ಇರುತ್ತದೆ. ಆಮೇಲೆ ಯಾರೂ ಬಂದು ನೆನಪಿಸುವುದಿಲ್ಲ. ಇವತ್ತು ರಾತ್ರಿಯೇ ಕೂತು ಪೂರ್ತಿ ಓದು. ಎಲ್ಲ ಕೋರ್ಸುಗಳ ತಾರೀಖನ್ನೂ ಒಂದೇ ಕ್ಯಾಲೆಂಡರಿಗೆ ಇಳಿಸು. ಅಕ್ಟೋಬರಿನ ಒಂದೇ ವಾರದಲ್ಲಿ ಎರಡು ಮಿಡ್‌ಟರ್ಮ್ ಬಿದ್ದಿದ್ದರೆ ಅದು ಈಗಲೇ ಗೊತ್ತಾಗಲಿ.

1 ಕ್ರೆಡಿಟ್ ಅಂದರೆ ವಾರಕ್ಕೆ 1 ಗಂಟೆ ಕ್ಲಾಸು, ಹೊರಗೆ 2 ಗಂಟೆ ಸ್ವಂತ ಓದು. ಇದು ಇಲ್ಲಿನ ಸಾಮಾನ್ಯ ಲೆಕ್ಕ. 9 ಕ್ರೆಡಿಟ್ ತೆಗೆದುಕೊಂಡಿದ್ದೀಯ, ಅಂದರೆ ವಾರಕ್ಕೆ 27 ಗಂಟೆ. ಓದಿಕೊಂಡು ಬಂದಿದ್ದೀರಿ ಅಂತ ನಂಬಿಯೇ ಪ್ರೊಫೆಸರ್ ಪಾಠ ಶುರು ಮಾಡುತ್ತಾರೆ. ಕೊನೆಯ ವಾರ ನಿದ್ದೆಗೆಟ್ಟು ಓದಿ ದಾಟುವುದು ಇಲ್ಲಿ ಕಷ್ಟ. ಅಷ್ಟು ಹೊತ್ತಿಗೆ ಹೋಂವರ್ಕ್, ಕ್ವಿಜ್, ಮಿಡ್‌ಟರ್ಮ್‌ಗಳ ಅಂಕ ಮುಗಿದು ಹೋಗಿರುತ್ತವೆ.

ಈಗ ಆಫೀಸ್ ಅವರ್ಸ್. ಅಂದರೆ ವಿದ್ಯಾರ್ಥಿಗಳು ಬಂದು ಮಾತಾಡಲಿ, ಪ್ರಶ್ನೆ ಕೇಳಲಿ ಅಂತ ಪ್ರೊಫೆಸರ್ ವಾರದಲ್ಲಿ ಎತ್ತಿಟ್ಟ ಹೊತ್ತು. ಇದನ್ನು ಮಾತ್ರ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೊದಲ ಸೆಮಿಸ್ಟರಿನಲ್ಲಿ ನನಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸಿದ ಪ್ರೊಫೆಸರ್ ಮಂಗಳವಾರ, ಗುರುವಾರ ಎರಡರಿಂದ ನಾಲ್ಕರವರೆಗೆ ತಮ್ಮ ರೂಮಿನ ಬಾಗಿಲು ತೆರೆದು ಕೂರುತ್ತಿದ್ದರು. ನಾನು ಆ ಕಾರಿಡಾರಿನಲ್ಲಿ ಎಷ್ಟೋ ಸಲ ಓಡಾಡಿದೆ. ಒಳಗೆ ಬೇರೆ ಹುಡುಗರು ನಗುತ್ತಾ ಮಾತಾಡುತ್ತಿರುವುದು ಕಾಣುತ್ತಿತ್ತು. ಮೇಷ್ಟ್ರ ರೂಮಿಗೆ ಅವರು ಕರೆದರೆ ಹೋಗಬೇಕು, ಕರೆದರು ಅಂದರೆ ಏನೋ ತಪ್ಪಾಗಿದೆ, ಇದು ನಮಗೆಲ್ಲ ರೂಢಿ. ನಿನಗೆ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಇಂಗ್ಲಿಷ್ ತಪ್ಪಿದರೆ ಅಂತ ಭಯ. ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿದ್ದೆ. ಹದಿನೈದು ವಾರ ಮೂರನೇ ಸಾಲಿನಲ್ಲಿ ಕೂತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗ್ರೇಡ್ ಎ ಬಂತು. ಗೆದ್ದೆ ಅಂದುಕೊಂಡೆ.

ಮುಂದಿನ ವರ್ಷ ಪಿಎಚ್‌ಡಿಗೆ ಅರ್ಜಿ ಹಾಕಲು ಅವರ ಹತ್ತಿರವೇ ರೆಕಮೆಂಡೇಶನ್ ಲೆಟರ್ ಕೇಳಲು ಹೋದೆ. ಆ ರೂಮಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಅವರು ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿದರು. ನಿನ್ನ ಅಂಕ ಚೆನ್ನಾಗಿದೆ, ಆದರೆ ನೀನು ಹೇಗೆ ಯೋಚಿಸುತ್ತೀಯ ಅಂತ ನನಗೆ ಗೊತ್ತಿಲ್ಲ, ಅಂಕವನ್ನಷ್ಟೇ ಬರೆದರೆ ನಿನಗೆ ಉಪಯೋಗವಾಗುವುದಿಲ್ಲ, ನಿನ್ನನ್ನು ಬಲ್ಲವರನ್ನು ಕೇಳು ಅಂದರು. ಮೆಲ್ಲಗೆ, ಪ್ರೀತಿಯಿಂದಲೇ ಅಂದರು. ನನ್ನನ್ನು ಬಲ್ಲ ಪ್ರೊಫೆಸರ್ ಒಬ್ಬರೂ ಇರಲಿಲ್ಲ. ಎಲ್ಲ ಕ್ಲಾಸಿನಲ್ಲೂ ನಾನು ಹಾಗೇ ಕೂತಿದ್ದೆ. ಆ ವರ್ಷ ಅರ್ಜಿ ಹಾಕಲಿಲ್ಲ. ಕೆಲಸಕ್ಕೆ ಸೇರಿದೆ, ಮನೆ ಮಾಡಿದೆ, ಚೆನ್ನಾಗಿಯೇ ಇದ್ದೇನೆ. ಆದರೂ ಆ ಓದು ನನ್ನಿಂದ ಆಗುತ್ತಿತ್ತು ಅನ್ನುವ ಸಂಕಟ ಇವತ್ತಿಗೂ ಹೋಗಿಲ್ಲ.

ಈಗ ಆರು ವರ್ಷದಿಂದ ಸಂಜೆ ಹೊತ್ತು ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತೇನೆ. ಹೇಳಿಕೊಳ್ಳಲು ಹೆಮ್ಮೆ ಇದೆ. ಬಾಗಿಲು ತೆರೆದು ಕೂತವಳ ಕಡೆಯಿಂದ ಹೇಳುತ್ತೇನೆ, ಕೇಳು. ಎಷ್ಟೋ ವಾರ ಒಬ್ಬರೂ ಬರುವುದಿಲ್ಲ. ಒಬ್ಬ ಹುಡುಗ ಬಂದು "ಇದು ಅರ್ಥವಾಗಲಿಲ್ಲ" ಅಂದರೆ ಆ ಪಾಠ ಇಡೀ ಕ್ಲಾಸಿಗೆ ಎಲ್ಲಿ ತಪ್ಪಿತು ಅಂತ ನನಗೆ ಗೊತ್ತಾಗುತ್ತದೆ. ಅವನು ದಡ್ಡ ಅಂತ ಒಂದು ದಿನವೂ ಅನ್ನಿಸಿಲ್ಲ. ಅವನ ಹೆಸರು ಮರೆಯುವುದೂ ಇಲ್ಲ. ಸುಮ್ಮನೆ ಕೂತವರಿಗೆ ಎಲ್ಲ ತಿಳಿದಿದೆ ಅಂತಲೇ ಅಂದುಕೊಳ್ಳುತ್ತೇನೆ. ಬೇರೆ ದಾರಿ ಇಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಅಸೈನ್‌ಮೆಂಟ್ ಎರಡು ದಿನ ತಡವಾಗುತ್ತದೆ ಅಂತ ಮೊದಲೇ ಇಮೇಲ್ ಬಂದರೆ ಸಾಮಾನ್ಯವಾಗಿ ಒಪ್ಪುತ್ತೇನೆ. ಗಡುವು ಮುಗಿದ ಮೇಲೆ ಬಂದರೆ ಕೈ ಕಟ್ಟಿರುತ್ತದೆ, ಯಾಕೆಂದರೆ ನಿಯಮ ಉಳಿದ ಮಕ್ಕಳಿಗೂ ಒಂದೇ.

ಇನ್ನೊಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗೆಳೆಯನ ಲ್ಯಾಬ್ ರೆಕಾರ್ಡ್ ನೋಡಿ ಬರೆದ ಹಾಗೆ ಇಲ್ಲಿ ಹೋಂವರ್ಕ್ ಬರೆಯಬೇಡ. ನಿನ್ನದನ್ನು ಕೊಡಲೂ ಬೇಡ. ಕೊಟ್ಟವರಿಗೂ ಶಿಕ್ಷೆ ಆಗುತ್ತದೆ. ಬೇರೆಯವರ ವಾಕ್ಯ ತೆಗೆದುಕೊಂಡರೆ ಎಲ್ಲಿಂದ ಅಂತ ಬರೆ. ಚಾಟ್‌ಜಿಪಿಟಿ ಬಳಸಬಹುದಾ ಅಂತ ಕೇಳಿದ್ದೀಯ. ಒಂದೊಂದು ಕೋರ್ಸಿಗೆ ಒಂದೊಂದು ನಿಯಮ, ಸಿಲಬಸ್ ನೋಡು, ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳು.

ಉಳಿದವು. ರೂಮು ಕ್ಯಾಂಪಸ್ಸಿಗೆ ನಡೆಯುವ ದೂರದಲ್ಲಿರಲಿ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು. ಮೊದಲ ಸೆಮಿಸ್ಟರಿಗೆ ಹತ್ತೇ ಸಾಕು. ಕೋರ್ಸ್ ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳು, ಕ್ರೆಡಿಟ್ ಕಡಿಮೆಯಾದರೆ ವೀಸಾಕ್ಕೆ ತೊಂದರೆ. ಇಲ್ಲಿ 1974ರ ಒಂದು ಕಾನೂನು ಇದೆ. ಅದರ ಪ್ರಕಾರ ನೀನು ಒಪ್ಪದೆ ಅಪ್ಪ ಅಮ್ಮ ಕೇಳಿದರೂ ಕಾಲೇಜಿನವರು ಸಾಮಾನ್ಯವಾಗಿ ನಿನ್ನ ಗ್ರೇಡ್ ಹೇಳುವ ಹಾಗಿಲ್ಲ. ಅದಕ್ಕೇ ನೀನೇ ಹೇಳು, ಅವರು ಅಲ್ಲಿ ಕಾಯುತ್ತಿರುತ್ತಾರೆ. ಚಳಿ ಅಭ್ಯಾಸವಾಗುತ್ತದೆ.

ನಿನ್ನ ಪ್ರೊಫೆಸರ್ ಗುರುವಾರ ಮೂರಕ್ಕೆ ಸಿಗುತ್ತಾರೆ ಅಂದೆಯಲ್ಲ. ಒಂದು ಹಾಳೆಯಲ್ಲಿ ಎರಡು ಪ್ರಶ್ನೆ ಬರೆದುಕೊಂಡು ಹೋಗು. ಹೆಸರು ಹೇಳು, ಕೂತು ಕೇಳು. ಹೋಗಿ ಬಂದ ಮೇಲೆ ಏನು ಮಾತಾಡಿದೆ ಅಂತ ನನಗೆ ಬರೆ, ಕಾಯುತ್ತಿರುತ್ತೇನೆ.