ಬಾಣಕ್ಕೆ ಗರಿ ಕಟ್ಟಿದವನ ಹೆಸರೂ ಬೇಕು

ಕಳೆದ ಸಂಚಿಕೆಯಲ್ಲಿ ನೈಟ್ ಎಂಬ ಮಧ್ಯಯುಗದ ಕುದುರೆಸವಾರ ಯೋಧರ, ಆ ಕಾಲದ ಕಸುಬುಗಾರರ ಹಳೆಯ ಇಂಗ್ಲಿಷ್ ಪದಗಳ ಬಗ್ಗೆ ಒಂದು ಲೇಖನ ಹಾಕಿದ್ದೆವು. ಅದನ್ನು ಓದಿ ದಾವಣಗೆರೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. 'ನೈಟ್‌ಗಳ ಕವಚ, ಕುದುರೆಗಳ ಪದಗಳು ಓದಲು ಚೆನ್ನಾಗಿದ್ದವು. ಆದರೆ ಫ್ಲೆಚರ್, ಫುಲ್ಲರ್, ಕಾರ್ಡ್‌ವೇನರ್ ಅಂತ ಸತ್ತುಹೋದ ಕಸುಬುಗಳಿಗೆ ಎರಡು ಪುಟ ಯಾಕೆ? ಇಂಗ್ಲೆಂಡಿನವರೇ ಮರೆತದ್ದನ್ನು ನಾವು ಹೊತ್ತು ತಿರುಗಬೇಕೆ?' ಎಂಬುದು ಅವರ ಪ್ರಶ್ನೆ.

ಮೇಷ್ಟ್ರೇ, ನಿಮ್ಮ ಮೊದಲ ಮಾತು ಒಪ್ಪಿದೆ. ನೈಟ್‌ಗಳ ಪದಗಳಿಗೆ ಒಂದು ಗತ್ತಿದೆ. ಭುಜದ ಕವಚ ಪಾಲ್ಡ್ರನ್, ಪಾದದ ಕವಚ ಸ್ಯಾಬಟನ್, ಯುದ್ಧದ ಕುದುರೆ ಡೆಸ್ಟ್ರಿಯರ್. ಕೇಳಲು ಸೊಗಸು. ಆದರೆ ಅವುಗಳನ್ನು ಕಾಯಲು ಕವಿಗಳಿದ್ದಾರೆ, ಮ್ಯೂಸಿಯಂಗಳಿವೆ, ಈಗ ವಿಡಿಯೋ ಗೇಮ್‌ಗಳೂ ಇವೆ. ನಮ್ಮ ಪುಟಗಳ ಹಂಗು ಅವಕ್ಕಿಲ್ಲ.

ಆ ನೈಟ್ ಕುದುರೆ ಹತ್ತಬೇಕಾದರೆ ಎಷ್ಟು ಜನ ದುಡಿಯಬೇಕಿತ್ತು ನೋಡಿ. ಕಡಿವಾಣ, ರಿಕಾಪು ಮಾಡುವವನು ಲಾರಿನರ್. ಲಾಳ ಕಟ್ಟುವವನು ಫ್ಯಾರಿಯರ್. ಹೊಸ ಚರ್ಮದಲ್ಲಿ ಬೂಟು ಹೊಲಿಯುವವನು ಕಾರ್ಡ್‌ವೇನರ್. ಸ್ಪೇನಿನ ಕಾರ್ಡೊಬಾದ ಹದ ಮಾಡಿದ ಚರ್ಮಕ್ಕೆ ಅಷ್ಟು ಹೆಸರಿತ್ತು, ಆ ಊರೇ ಕಸುಬಿನ ಹೆಸರಾಯಿತು. ಹಳೆ ಜೋಡು ರಿಪೇರಿ ಮಾಡುವ ಕಾಬ್ಲರ್ ಬೇರೆ.

ಇನ್ನು ಫ್ಲೆಚರ್. ಬಾಣ ಮಾಡುವವನು. ಬಿಲ್ಲು ಮಾಡುವವನಿಗೆ ಬೋಯರ್ ಎಂದು ಹೆಸರು. 1371ರಲ್ಲಿ ಲಂಡನ್ನಿನ ಫ್ಲೆಚರ್‌ಗಳು 'ನಮ್ಮದೇ ಬೇರೆ ಕಸುಬು' ಎಂದು ಮೇಯರ್‌ಗೆ ಅರ್ಜಿ ಕೊಟ್ಟು ಬಿಲ್ಲುಗಾರರಿಂದ ಬೇರೆಯಾದರು. ಒಂದು ಬಾಣಕ್ಕೆ ಮೂರು ಗರಿ. ಮೂರೂ ಒಂದೇ ಕಡೆಯ ರೆಕ್ಕೆಯವಾಗಬೇಕು, ಬಾಗು ಒಂದೇ ತರಹ ಇದ್ದರೆ ಮಾತ್ರ ಬಾಣ ತಿರುಗುತ್ತಾ ನೇರ ಹೋಗುತ್ತದೆ. 1415ರಲ್ಲಿ ಅಜಿನ್‌ಕೋರ್ಟ್‌ನಲ್ಲಿ ನಡೆದ ಕದನದಲ್ಲಿ ಇಂಗ್ಲಿಷರು ಫ್ರಾನ್ಸಿನ ಕವಚಧಾರಿ ದೊಡ್ಡವರ ಸೊಕ್ಕು ಮುರಿದದ್ದರಲ್ಲಿ ಇಂಥ ಬಾಣಗಳ ಪಾಲು ದೊಡ್ಡದು. 1417ರಲ್ಲಿ ಇಂಗ್ಲೆಂಡಿನ ರಾಜ ಐದನೇ ಹೆನ್ರಿ ಬಾಣಕ್ಕೆಂದು ಒಂದೊಂದು ಹೆಬ್ಬಾತಿನಿಂದ ಆರಾರು ಗರಿ ಕಿತ್ತು ಕಳಿಸಿ ಎಂದು ಅಧಿಕಾರಿಗಳಿಗೆ ಆಜ್ಞೆ ಹೊರಡಿಸಿದ. ರಾಜನ ಯುದ್ಧ ಯಾರ ಕೈಯಲ್ಲಿತ್ತು ಅಂತ ರಾಜನಿಗೇ ಗೊತ್ತಿತ್ತು! ಮರೆತಿರುವುದು ನಾವು.

ಮರೆತಿದ್ದೇವೆಯೇ ಹೊರತು ಪದ ಸತ್ತಿಲ್ಲ. 2011ರಿಂದ 2015ರವರೆಗೆ ನಮ್ಮ ಕ್ರಿಕೆಟ್ ತಂಡದ ಕೋಚ್ ಆಗಿದ್ದವರು ಡಂಕನ್ ಫ್ಲೆಚರ್ ಅಲ್ವಾ? ನೀವು ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ ಇಂಗ್ಲಿಷ್ ಅಡ್ಡಹೆಸರುಗಳನ್ನು ಒಮ್ಮೆ ಕರೆದು ನೋಡಿ. ನನಗೆ ತುಂಬಾ ಇಷ್ಟವಾದದ್ದು ಫುಲ್ಲರ್. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಸಡಿಲವಾಗಿರುತ್ತದೆ, ಜಿಡ್ಡು ಬೇರೆ. ಅದನ್ನು ತೊಟ್ಟಿಯಲ್ಲಿ ಹಾಕಿ, ಹಳಸಿದ ಮೂತ್ರವನ್ನೋ ಜೇಡಿಯನ್ನೋ ಬೆರೆಸಿ, ಗಂಟೆಗಟ್ಟಲೆ ಕಾಲಲ್ಲಿ ತುಳಿಯಬೇಕು. ಆಗ ಬಟ್ಟೆ ಕುಗ್ಗಿ ಒತ್ತಾಗುತ್ತದೆ. ಈ ಕೆಲಸದವನು ಇಂಗ್ಲೆಂಡಿನ ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್, ಉತ್ತರದಲ್ಲಿ ವಾಕರ್. ವಾಕರ್ ಎಂದರೆ ಸುಮ್ನೆ ನಡೆದವನಲ್ಲ, ಬಟ್ಟೆ ತುಳಿದವನು. ನಾರುವ ತೊಟ್ಟಿಯಲ್ಲಿ ನಿಂತು ಒಂದು ದೇಶದ ಮೈ ಬೆಚ್ಚಗಿಟ್ಟವರ ಹೆಸರು ಇದು. ಇದಕ್ಕೆ ಎರಡು ಪುಟ ಜಾಸ್ತಿ ಅಂತೀರಾ?

ಜೋಸೆಫ್ ರೈಟ್ ಅವರ ಕಥೆ ನಿಮಗೆ ಗೊತ್ತಿರಬಹುದು. 1855ರಲ್ಲಿ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದವರು. ಆರನೇ ವಯಸ್ಸಿಗೇ ಕಲ್ಲುಗಣಿಯಲ್ಲಿ ಕತ್ತೆ ಹೊಡೆಯುವ ಕೆಲಸ, ಆಮೇಲೆ ಉಣ್ಣೆ ಗಿರಣಿ. ಓದು ಬರಹ ಕಲಿತದ್ದು ಹದಿನೈದರ ಸುಮಾರಿಗೆ. ಅವರೇ ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದರು. ಊರೂರಿನ ಜನರಿಂದ ಹಳ್ಳಿಮಾತು ತರಿಸಿ, ಸ್ವಂತ ದುಡ್ಡನ್ನೂ ಸುರಿದು, 1898ರಿಂದ 1905ರವರೆಗೆ ಆರು ಸಂಪುಟಗಳ ನಿಘಂಟು ತಂದರು. ಬೆವರು ಸುರಿಸಿದ ಮನುಷ್ಯನಿಗೆ ಬೆವರಿನ ಮಾತಿನ ಬೆಲೆ ಗೊತ್ತಿತ್ತು.

ಈಗ ನಡೆಯುತ್ತಿರುವುದು ಇದರ ಉಲ್ಟಾ. 2007ರಲ್ಲಿ ಆಕ್ಸ್‌ಫರ್ಡ್‌ನ ಮಕ್ಕಳ ನಿಘಂಟಿನಿಂದ ಓಕ್ ಮರದ ಕಾಯಿಯ ಹೆಸರು, ಮಿಂಚುಳ್ಳಿಯ ಹೆಸರು ಹೋದವು, ಬ್ಲಾಗ್, ಬ್ರಾಡ್‌ಬ್ಯಾಂಡ್ ಒಳಗೆ ಬಂದವು. 2015ರಲ್ಲಿ 28 ಲೇಖಕರು ಸೇರಿ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಹೊಸದು ಬರಲಿ, ಬೇಡ ಅನ್ನುವವರು ಯಾರು? ಹಳೆಯದನ್ನು ತಳ್ಳಿಯೇ ಬರಬೇಕೆ? ನಮ್ಮಲ್ಲೂ ನೋಡಿ. ಕತ್ತಿ ಹಿಡಿದವರ ಪುತ್ಥಳಿ ಊರೂರಲ್ಲಿದೆ. ಆ ಕತ್ತಿಯನ್ನು ಕಾಸಿ ಬಡಿದ ಕಮ್ಮಾರನದು ಎಲ್ಲಿದೆ? ಮಂಗಳೂರಿನಲ್ಲಿ 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು, ಜರ್ಮನಿಯ ಪಾದ್ರಿಯೊಬ್ಬರ ದುಡಿಮೆ. ಆ ಶ್ರದ್ಧೆಯಲ್ಲಿ ಅರ್ಧದಷ್ಟಾದರೂ ಹಿಡಿದು ಕುಂಬಾರರ ಕೇರಿಗೆ, ನೇಕಾರರ ಮನೆಗೆ ಹೋಗುವವರು ಇನ್ನೂ ಎಷ್ಟೋ ಜನ ಬೇಕು.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿದೆ: 'ನಮ್ಮ ತಂದೆಯೂ ಎತ್ತಿನಗಾಡಿ ಮಾಡುತ್ತಿದ್ದರು. ಆ ಕಸುಬೂ ಹೋಯಿತು. ಯಾರಿಗೇನು ನಷ್ಟ?' ಇದನ್ನು ಓದಿ ನನಗೆ ಸಂಕಟವಾಯಿತು. ಇಂಗ್ಲೆಂಡಿನಲ್ಲಿ ಅಂಥವರನ್ನು ವೇನ್‌ರೈಟ್ ಎನ್ನುತ್ತಿದ್ದರು. ನೊಗ, ಮೂಕಿ, ಅಚ್ಚು, ಕಡಾಣಿ, ಇಷ್ಟು ನನಗೂ ಗೊತ್ತು. ಆದರೆ ಯಾವ ಭಾಗಕ್ಕೆ ಯಾವ ಮರ, ಕಬ್ಬಿಣದ ಪಟ್ಟಿ ಕಾಯಿಸಿ ಚಕ್ರಕ್ಕೆ ಏರಿಸುವಾಗ ಪಕ್ಕದವನಿಗೆ ಏನೆಂದು ಕೂಗುತ್ತಿದ್ದರು, ಚಕ್ರ ಸೊಟ್ಟಾದರೆ ಏನನ್ನುತ್ತಿದ್ದರು, ಇದನ್ನೆಲ್ಲ ಹೇಳಬಲ್ಲವರು ನೀವು. ದೀಪಾವಳಿ ಸಂಚಿಕೆಗೆ ಬರೆದು ಕಳಿಸಿ. ನಾಲ್ಕು ಪುಟ ಎತ್ತಿಟ್ಟಿದ್ದೇನೆ. ಚಕ್ರದ ಚಿತ್ರ ಬರೆದು ಭಾಗಗಳಿಗೆ ನಿಮ್ಮ ತಂದೆ ಹೇಳುತ್ತಿದ್ದ ಹೆಸರುಗಳನ್ನೇ ಗುರುತು ಹಾಕಿ.

- ಸಂಪಾದಕ